ಮನೆಯ ರೊಟ್ಟಿ, ಪೇಟೆಯ ಮಿರ್ಚಿ

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಸಂಸಾರ ಹೂಡಿದವರು, ಅದರಲ್ಲೂ ಇಬ್ಬರೂ ಕೆಲಸಕ್ಕೆ ಹೋಗುವವರು, ನನ್ನನ್ನು ಕೇಳುವುದು ಒಂದೇ ಮಾತು: “ಕಾಕು, ತಿನ್ನುವ ಆಸೆ ಬಹಳ ಇದೆ, ಮಾಡುವ ವೇಳೆ ಇಲ್ಲ, ಏನು ಮಾಡುವುದು?” ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದಕ್ಕೆ ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೊರಡಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ ಎನ್ನುತ್ತೇನೆ. ಮೊಬೈಲ್ ನೋಡಿಕೊಂಡು ಮಿರ್ಚಿ ಭಜಿ ಕರಿದು ಅಡುಗೆಮನೆಯ ಗೋಡೆಗೆಲ್ಲ ಜಿಡ್ಡು ಹಿಡಿಸಿ, ಶೇಂಗಾ ಚಟ್ನಿಪುಡಿಯನ್ನು ಮಾತ್ರ ಅಂಗಡಿಯ ಪ್ಯಾಕೆಟ್ಟಿನಿಂದ ಸುರಿದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಪುಡಿಗಳು ಮನೆಯವೇ ಇರಲಿ. ರವಿವಾರ ಒಂದು ತಾಸು ಸಾಕು. ಶೇಂಗಾ ಹುರಿಯುವಾಗ ಉರಿ ಸಣ್ಣದಿರಬೇಕು. ದೊಡ್ಡ ಉರಿಯಲ್ಲಿ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಬೀಜ ಹಸಿಯಾಗಿಯೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಪುಡಿ, ಬೇಕಿದ್ದರೆ ಚೂರು ಬೆಲ್ಲ ಸೇರಿಸಿ ಕುಟ್ಟಿ. ಒರಳು ಇಲ್ಲದವರು ಮಿಕ್ಸರ್‌ನಲ್ಲಿ ತಡೆ ತಡೆದು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟುಕೊಂಡು ಪುಡಿ ಹೋಗಿ ಮುದ್ದೆಯಾಗುತ್ತದೆ. ಹಸಿ ಬೆಳ್ಳುಳ್ಳಿ ಬಿದ್ದ ಪುಡಿಯನ್ನು ತಿಂಗಳುಗಟ್ಟಲೆ ಇಡಬಾರದು, ಹದಿನೈದು ದಿನಕ್ಕಾಗುವಷ್ಟೇ ಮಾಡಿ. ಅಗಸಿ ಪುಡಿಗೆ ಕಿವಿಯೇ ಗಡಿಯಾರ: ಬಾಣಲೆಯಲ್ಲಿ ಚಟಚಟ ಸದ್ದು ಎದ್ದು ಕಡಿಮೆಯಾಗತೊಡಗಿದಾಗ ಇಳಿಸಿಬಿಡಿ, ಇನ್ನೂ ಬಿಟ್ಟರೆ ಕಹಿ. ಅಗಸಿಯಲ್ಲಿ ಎಣ್ಣೆಯಂಶ ಹೆಚ್ಚು. ಪುಡಿ ಮಾಡಿದ ಮೇಲೆ ಬೇಗ ಕಮಟುತ್ತದೆ, ಆದ್ದರಿಂದ ಸಣ್ಣ ಡಬ್ಬಿಯಷ್ಟು ಮಾತ್ರ. ಗುರೆಳ್ಳಿನಲ್ಲಿ ಮಣ್ಣು, ಹರಳು ಇರುತ್ತವೆ. ಹುರಿಯುವ ಮೊದಲು ಸೋಸಿ, ಕೇರಿ ನೋಡಿಕೊಳ್ಳಿ. ಈ ಮೂರು ಪುಡಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ ಇದ್ದರೆ ಪಲ್ಯ ಇಲ್ಲದ ದಿನವೂ ಊಟ ಊಟವೇ.

ಖಾರದ ಪುಡಿಯ ಮಾತು ಬಂತು. ಹಾವೇರಿ ಜಿಲ್ಲೆಯ ಬ್ಯಾಡಗಿ ನಮ್ಮ ಪಕ್ಕದಲ್ಲೇ ಇದ್ದೂ ಬಣ್ಣ ಕಲಸಿದ ಪುಡಿ ಕೊಳ್ಳುವುದು ಯಾಕೆ? ಬ್ಯಾಡಗಿ ಮೆಣಸಿನಕಾಯಿ ಸುಕ್ಕುಸುಕ್ಕಾಗಿರುತ್ತದೆ, ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಳೆ ಅದು. ಅದೊಂದನ್ನೇ ಹಾಕಿದರೆ ಸಾರು ಕೆಂಪಗೆ ಕಾಣುತ್ತದೆ, ನಾಲಿಗೆಗೆ ಮಾತ್ರ ಸಪ್ಪೆ ಎನಿಸುತ್ತದೆ. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರಿನಂಥ ಖಾರದ ಕಾಯಿ ಬೆರೆಸಿದರೆ ನಮ್ಮ ಮನೆಗೆ ಸರಿಯಾಗುತ್ತದೆ, ನಿಮ್ಮ ಮನೆಯ ನಾಲಿಗೆ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಸಂಕ್ರಾಂತಿ ಕಳೆದ ಮೇಲೆ ಹೊಸ ಕಾಯಿ ಧಾರಾಳವಾಗಿ ಬರುತ್ತದೆ. ಇಡೀ ಕಾಯಿ ಕೊಂಡು, ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಕಣ್ಣೆದುರೇ ಬೀಸಿಸಿ. ಒಂದೇ ಸಲ ವರ್ಷದ ಪುಡಿ ಬೀಸಿಸಬೇಡಿ. ಅರ್ಧ ಕಾಯಿ ಹಾಗೇ ಇರಲಿ, ಬಣ್ಣ ಉಳಿಯುತ್ತದೆ.

ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಅಳುವವರಲ್ಲಿ ಅರ್ಧ ಜನರ ಕೈಯಲ್ಲಿ ತಪ್ಪಿಲ್ಲ, ಹಿಟ್ಟಿನಲ್ಲಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ಎಸರು ಬೇಕು; ಬಿಸಿನೀರು ಬಿದ್ದಾಗಲೇ ಹಿಟ್ಟಿಗೆ ಜಿಗಿ ಬರುವುದು. ಬೀಸಿ ಬಹಳ ದಿನವಾದ ಹಿಟ್ಟಿಗೆ ಎಷ್ಟು ಎಸರು ಹಾಕಿದರೂ ಅಂಚು ಸೀಳುತ್ತದೆ. ಒಳ್ಳೆಯ ಬಿಳಿಜೋಳ ತಂದು, ಹತ್ತು ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಅಂಗೈಯ ಬುಡದಿಂದ ಚೆನ್ನಾಗಿ ನಾದಿ, ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ಮೆದುಮಾಡಿಕೊಳ್ಳಿ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ನೀರು ಆರುವ ಹೊತ್ತಿಗೆ ತಿರುವಬೇಕು. ಆಗ ಉಬ್ಬುತ್ತದೆ. ಇಷ್ಟಾಗಿಯೂ ಬರದಿದ್ದರೆ ಬೇಸರ ಬೇಡ, ಅವಳಿ ನಗರದ ಓಣಿ ಓಣಿಗಳಲ್ಲಿ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾಡಿ ಎಣಿಸಿ ಮಾರುತ್ತಾರೆ. ತಂದು ತೆಳು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಒಂದು ಸುತ್ತು ಕಾಯಿಸಿದರೆ ಮತ್ತೆ ಗರಿಗರಿ.

ಇನ್ನು ಪೇಟೆ. ಮಿರ್ಚಿಯನ್ನು ಹೊರಗೇ ತಿನ್ನಿ ಎನ್ನುವುದು ಸೋಮಾರಿತನದ ಮಾತಲ್ಲ. ಅಂಗಡಿಯ ದೊಡ್ಡ ಕಡಾಯಿಯಲ್ಲಿ ಹತ್ತಿಪ್ಪತ್ತು ಮಿರ್ಚಿ ಬಿಟ್ಟರೂ ಎಣ್ಣೆಯ ಕಾವು ಇಳಿಯುವುದಿಲ್ಲ. ಮನೆಯ ಬಾಣಲೆಯಲ್ಲಿ ನಾಲ್ಕು ಬಿಟ್ಟ ಕೂಡಲೇ ಎಣ್ಣೆ ತಣಿಯುತ್ತದೆ, ತಣಿದ ಎಣ್ಣೆಯನ್ನು ಕಡಲೆಹಿಟ್ಟು ಗಟಗಟ ಕುಡಿಯುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗುವವರು ಸಂಜೆ ಮುಂಚಿತವಾಗಿ ಹೋಗಿ. ರಾತ್ರಿಯಾದಂತೆ ಒಲೆಯ ಮೇಲಿನ ಎಣ್ಣೆ ಕಪ್ಪಾಗುತ್ತ ಹೋಗುತ್ತದೆ. ತಟ್ಟೆಯಲ್ಲಿ ಗುಡ್ಡೆ ಹಾಕಿಟ್ಟ ಅಂಗಡಿ ಬೇಡ, ಕರಿದದ್ದು ಕರಿದ ಹಾಗೆ ಖಾಲಿಯಾಗುವ ಅಂಗಡಿಯೇ ಬೇಕು. ಗಿರ್ಮಿಟ್ಟಂತೂ ಕಲಸಿದ ಗಳಿಗೆಯಲ್ಲೇ ತಿನ್ನುವಂಥದ್ದು. ಹುಣಸೆ-ಬೆಲ್ಲದ ಗೊಜ್ಜು ತಾಗಿದ ಚುರುಮುರಿ ಎಷ್ಟು ಹೊತ್ತು ತಾನೇ ತಡೆದೀತು? ಮನೆಗೆ ಒಯ್ಯಲೇಬೇಕಾದರೆ ಚುರುಮುರಿ, ಗೊಜ್ಜು, ಪುಟಾಣಿ ಹಿಟ್ಟು ಬೇರೆ ಬೇರೆ ಕಟ್ಟಿಸಿಕೊಳ್ಳಿ. ಉಳ್ಳಾಗಡ್ಡಿ, ಕೊತ್ತಂಬರಿ ಮನೆಯಲ್ಲೇ ಹೆಚ್ಚಿ.

ಖಾನಾವಳಿಗೆ ಹೋಗುವುದಿದ್ದರೆ ಮಧ್ಯಾಹ್ನ ಹನ್ನೆರಡೂವರೆ-ಒಂದರೊಳಗೆ ಕುಳಿತುಬಿಡಿ. ಹಂಚು ಕಾದಿರುತ್ತದೆ, ಎಣ್ಣೆಗಾಯಿ ಮುಗಿದಿರುವುದಿಲ್ಲ, ಕಡಲೆಹಿಟ್ಟಿನ ಜುಣಕ ಒಣಗಿರುವುದಿಲ್ಲ. ಮೊದಲೇ ಅನ್ನಕ್ಕೆ ಕೈ ಹಾಕುವವರನ್ನು ಕಂಡರೆ ಬಡಿಸುವವರೇ ಮನಸ್ಸಿನಲ್ಲಿ ನಗುತ್ತಾರೆ. ರೊಟ್ಟಿ ಬಿಸಿಯಾಗಿ ಬರುತ್ತಿರುವಾಗ ರೊಟ್ಟಿ ತಿನ್ನಿ, ಹಸಿ ಮೆಂತ್ಯೆಸೊಪ್ಪು ಬಿಡಬೇಡಿ. ಮಾಂಸ ತಿನ್ನುವವರು ಹುಬ್ಬಳ್ಳಿ, ಗದಗ-ಬೆಟಗೇರಿಯ ಸಾವಜಿ ಊಟ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿನ ಖಾರಕ್ಕೆ ನೀರು ಕುಡಿದರೆ ಉರಿ ಹರಡುತ್ತದೆ, ಮೊಸರು ತರಿಸಿಕೊಳ್ಳಿ. ಕಾಲೇಜು ರಸ್ತೆಯ ಹೊಸ ಕೆಫೆಗಳನ್ನು ನಾನು ಬೈಯುವುದಿಲ್ಲ. ಕಾಫಿ ಕುಡಿಯುತ್ತ ಹರಟೆ ಹೊಡೆಯಲು ಕುರ್ಚಿ ಚೆನ್ನಾಗಿವೆ. ಹಸಿವಾದಾಗ ಹೋಗಬೇಡಿ ಅಷ್ಟೇ, ದುಡ್ಡು ಕುರ್ಚಿಗೇ ಹೋಗುತ್ತದೆ.

ಧಾರವಾಡ ಪೇಡೆಯನ್ನು ಮನೆಯಲ್ಲಿ ಮಾಡುತ್ತೇನೆ ಎಂಬ ಹಟವೂ ಬೇಡ. ಖೋವಾವನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಸೀಯದಂತೆ ಕೈಯಾಡಿಸುವ ತಾಳ್ಮೆ ಲೈನ್ ಬಜಾರಿನವರಿಗೆ ತಲೆಮಾರುಗಳಿಂದ ಬಂದದ್ದು. ಕಾಲು ಕಿಲೋ ತನ್ನಿ, ಮುಗಿದ ಮೇಲೆ ಮತ್ತೆ ಹೋಗಿ. ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗಿ ಹದ ಕೆಡುತ್ತದೆ, ಮುಚ್ಚಳವಿರುವ ಒಣ ಡಬ್ಬಿ ಸಾಕು. ಸವಣೂರಿನ ಖಾರ ಎಂಬ ಕುರುಕಲು ತಿಂಡಿ ತಂದಾಗಲೂ ಅಷ್ಟೇ: ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ.

ಸಂಜೆ ಹೊರಗೆ ಕರಿದದ್ದು ತಿಂದ ದಿನ ರಾತ್ರಿ ಮತ್ತೆ ಪಲ್ಯ, ಸಾರು ಎಂದು ಹರಡಿಕೊಳ್ಳಬೇಡಿ. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿಕೊಂಡರೆ ಹೊಟ್ಟೆಗೂ ಹಿತ, ಪಾತ್ರೆಯೂ ಒಂದೇ. ಕಟ್ಟಿಸಿಕೊಂಡು ಬಂದ ಮಿರ್ಚಿ ಉಳಿದರೆ ಮರುದಿನ ಬಿಸಿ ಮಾಡಿ ತಿನ್ನಬೇಡಿ. ರೊಟ್ಟಿ ಉಳಿದರೆ ಮಾತ್ರ ಎಸೆಯಬೇಡಿ: ಸಣ್ಣಗೆ ಮುರಿದು, ಮಜ್ಜಿಗೆ ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಶೇಂಗಾ ಪುಡಿ ಉದುರಿಸಿ. ಬೆಳಗಿನ ನಾಷ್ಟಾ ಆಯಿತು.