ಅಮೆರಿಕದಲ್ಲಿ ಕೆಲಸ ಬಿಟ್ಟ ಮೇಲೂ ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಉಳಿಸಿಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಕೆಲಸ ಹೋದ ಕೂಡಲೇ ತಲೆಗೆ ಬರುವುದು ವೀಸಾ ಮತ್ತು ಮನೆ ಬಾಡಿಗೆ. ಇನ್ಶೂರೆನ್ಸ್ ನೆನಪಾಗುವುದು ಮಗುವಿಗೆ ಜ್ವರ ಬಂದಾಗ. ಅಲ್ಲಿಯವರೆಗೂ ಬಿಡಬೇಡಿ.

ಅಲ್ಲಿ 1986ರಿಂದ 'ಕೋಬ್ರಾ' ಎಂಬ ಕಾನೂನಿದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಾದರೆ, ನೀವಾಗಿ ಬಿಟ್ಟಿರಲಿ, ಅವರೇ ತೆಗೆದಿರಲಿ, ಅದೇ ಪಾಲಿಸಿಯಲ್ಲಿ ಸಾಮಾನ್ಯವಾಗಿ 18 ತಿಂಗಳು ಮುಂದುವರಿಯಬಹುದು. ಗಂಭೀರ ದುರ್ನಡತೆಗಾಗಿ ತೆಗೆದಿದ್ದರೆ ಸಿಗುವುದಿಲ್ಲ. ಕಂಪನಿಯೇ ಮುಚ್ಚಿ ಪಾಲಿಸಿ ರದ್ದಾದರೂ ಅಷ್ಟೇ. ಎಚ್-1ಬಿ ವೀಸಾದವರಿಗೂ ಈ ಹಕ್ಕಿದೆ.

ಮೊದಲು, ಲ್ಯಾಪ್‌ಟಾಪ್ ವಾಪಸ್ ಕೊಡುವ ಮುಂಚೆಯೇ ಎಚ್‌ಆರ್ ಹತ್ತಿರ ಕೇಳಿ: ಕವರೇಜ್ ಯಾವತ್ತಿಗೆ ನಿಲ್ಲುತ್ತದೆ? ಕೆಲವು ಕಡೆ ಕೊನೆಯ ದಿನಕ್ಕೇ, ಕೆಲವು ಕಡೆ ತಿಂಗಳ ಕೊನೆಗೆ. ಮನೆ ಬದಲಿಸುವವರಿದ್ದರೆ ಹೊಸ ವಿಳಾಸ ಕೊಡಿ. ಕೋಬ್ರಾ ಬೇಕೇ ಎಂದು ಕೇಳುವ ಪತ್ರ ಅಂಚೆಯಲ್ಲಿ ಬರುವುದೇ ಜಾಸ್ತಿ. ಅದು ಕೈಸೇರಲು ಒಂದೂವರೆ ತಿಂಗಳೂ ಆಗಬಹುದು.

ಪತ್ರ ಬಂದ ಮೇಲೆ ದಿನ ಲೆಕ್ಕ ಹಾಕಿ. ಒಪ್ಪಿಗೆ ತಿಳಿಸಲು 60 ದಿನ ಇರುತ್ತದೆ. ಕವರೇಜ್ ನಿಂತ ದಿನ, ಪತ್ರ ಕಳಿಸಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಎಣಿಕೆ. ಕವರೇಜ್ ಮಾರ್ಚ್ 31ಕ್ಕೆ ನಿಂತು, ಪತ್ರ ಏಪ್ರಿಲ್ 20ಕ್ಕೆ ಹೊರಟರೆ, ಜೂನ್ 19ರವರೆಗೆ ಸಮಯ. ಒಪ್ಪಿದರೆ ಏಪ್ರಿಲ್ 1ರಿಂದಲೇ ಕವರೇಜ್ ಇದ್ದ ಹಾಗೆ. ಅಂದರೆ ಮೇ ತಿಂಗಳಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಆಮೇಲೂ ಒಪ್ಪಿಗೆ ಕೊಡಬಹುದು. ಆದರೆ ಏಪ್ರಿಲ್‌ನಿಂದಲೇ ಪ್ರೀಮಿಯಂ ಕಟ್ಟಬೇಕು.

ಈಗ ದುಡ್ಡಿನ ವಿಷಯ. ಕೆಲಸದಲ್ಲಿದ್ದಾಗ ಪ್ರೀಮಿಯಂನ ದೊಡ್ಡ ಪಾಲು ಕಂಪನಿಯದು. ಪೂರ್ತಿ ಪ್ರೀಮಿಯಂ 600 ಡಾಲರ್ ಇದ್ದು, ಸಂಬಳದಲ್ಲಿ 120 ಡಾಲರ್ ಮಾತ್ರ ಹಿಡಿಯುತ್ತಿದ್ದರು ಅಂತಿಟ್ಟುಕೊಳ್ಳಿ. ಕೋಬ್ರಾದಲ್ಲಿ ಶೇ 102ರವರೆಗೆ, ಅಂದರೆ ತಿಂಗಳಿಗೆ 612 ಡಾಲರ್ ನಿಮ್ಮ ಕೈಯಿಂದಲೇ ಹೋಗುತ್ತದೆ. ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಮನೆಯವರೆಲ್ಲರಿಗೂ ತೆಗೆದುಕೊಳ್ಳಲೇಬೇಕೆಂದಿಲ್ಲ. ಗಂಡ, ಹೆಂಡತಿ, ಮಕ್ಕಳು ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕಿದೆ. ಹೆಂಡತಿ ಗರ್ಭಿಣಿಯಾಗಿದ್ದರೆ ಅವರೊಬ್ಬರಿಗೇ ಮುಂದುವರಿಸಬಹುದು. ಡಾಕ್ಟರ್ ಅದೇ ಇರುತ್ತಾರೆ. ಈ ವರ್ಷ, ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ನೀವೇ ಭರಿಸಬೇಕಾದ ಮೊತ್ತಕ್ಕೆ, ಅಂದರೆ ಡಿಡಕ್ಟಿಬಲ್‌ಗೆ ಆಗಲೇ ಕಟ್ಟಿದ ಹಣವೂ ಲೆಕ್ಕಕ್ಕಿರುತ್ತದೆ. ಚಿಕಿತ್ಸೆ ಅರ್ಧದಲ್ಲಿರುವವರಿಗೆ ನಾನು ಕೋಬ್ರಾ ಅನ್ನೇ ಹೇಳುತ್ತೇನೆ.

ಉಳಿದವರು ಹೋಲಿಸಿ ನೋಡಿ. ಸಂಗಾತಿಯ ಆಫೀಸಿನ ಪಾಲಿಸಿಗೆ ಸೇರಲು ಸಾಮಾನ್ಯವಾಗಿ 30 ದಿನ ಮಾತ್ರ. ಕೋಬ್ರಾ ಪತ್ರಕ್ಕೆ ಸುಮ್ನೆ ಕಾಯುತ್ತಾ ಕೂತರೆ ಈ ಗಡುವು ತಪ್ಪಿಹೋಗುತ್ತದೆ. ಸ್ವಂತವಾಗಿ ಇನ್ಶೂರೆನ್ಸ್ ಕೊಳ್ಳಲು ಇರುವ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ, ಕವರೇಜ್ ನಿಂತ ಮೇಲೆ 60 ದಿನ ಇದೆ. ಆದಾಯ ಕಡಿಮೆಯಾಗಿದ್ದರೆ ಅಲ್ಲಿ ಅಗ್ಗವಾಗಬಹುದು. ಒಂದು ಎಚ್ಚರಿಕೆ: ಕೋಬ್ರಾ ತೆಗೆದುಕೊಂಡು, ಕೆಲವು ತಿಂಗಳಾದ ಮೇಲೆ ಕಟ್ಟಲಾಗದೆ ಬಿಟ್ಟರೆ, ಅದೇ ಕಾರಣಕ್ಕೆ ಮಾರ್ಕೆಟ್‌ಪ್ಲೇಸ್ ಬಾಗಿಲು ತೆರೆಯುವುದಿಲ್ಲ. ಮುಂದಿನ ನೋಂದಣಿ ಅವಧಿಗೆ ಕಾಯಬೇಕು.

ಒಪ್ಪಿಗೆ ಕಳಿಸಿದ ಮೇಲೆ ಮೊದಲ ಕಂತಿಗೆ 45 ದಿನ, ಆಮೇಲೆ ಪ್ರತಿ ತಿಂಗಳ ಕಂತಿಗೂ 30 ದಿನ ಹೆಚ್ಚುವರಿ ಸಮಯ ಇರುತ್ತದೆ. ಅದನ್ನೂ ಮೀರಿದರೆ ಪಾಲಿಸಿ ಹೋಯಿತೆಂದೇ ತಿಳಿಯಿರಿ. ದುಡ್ಡು ಕಟ್ಟಿದ ಮೇಲೂ ಕೆಲವು ದಿನ ಔಷಧಿ ಅಂಗಡಿಯ ಕಂಪ್ಯೂಟರಿನಲ್ಲಿ 'ಕವರೇಜ್ ಇಲ್ಲ' ಎಂದೇ ಕಾಣಬಹುದು. ಗಾಬರಿಯಾಗಬೇಡಿ. ಔಷಧಿ ತುರ್ತಾಗಿದ್ದರೆ ಕೈಯಿಂದ ಕೊಟ್ಟು, ಬಿಲ್ ಜೋಪಾನ ಮಾಡಿ, ಆಮೇಲೆ ಕ್ಲೇಮ್ ಹಾಕಿ.