ಬದಲಾವಣೆ ಬೇಡ ಅನ್ನುವವರ ಜೊತೆ ನಾನು ಮಾತಾಡುವ ರೀತಿ

ಸಂಘಗಳಲ್ಲಿ ಹಳೇ ನಿಯಮ ಬದಲಿಸುವ ಸಭೆಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಹೆಂಗಸರು ಅಧ್ಯಕ್ಷರಾಗಬಹುದೇ, ಹೊಸ ಸದಸ್ಯರಿಗೆ ಮತದ ಹಕ್ಕು ಕೊಡಬೇಕೇ, ಇಂಥ ವಿಷಯಗಳು. ಪ್ರತಿ ಸಭೆಯಲ್ಲೂ ಒಂದಷ್ಟು ಜನ ಕೈಕಟ್ಟಿ ಕೂತು "ಇಷ್ಟು ವರ್ಷ ನಡ್ಕೊಂಡು ಬಂದಿದೆಯಲ್ಲ, ಈಗೇನಾಯ್ತು?" ಅನ್ನುತ್ತಾರೆ.

ಮನಶ್ಶಾಸ್ತ್ರಜ್ಞ ಜಾನ್ ಜೋಸ್ಟ್ ಮತ್ತು ಸಂಗಡಿಗರು 2003ರಲ್ಲಿ 12 ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಂಪ್ರದಾಯವಾದದ ತಿರುಳಲ್ಲಿ ಎರಡು ಸಂಗತಿ ಇವೆ ಎಂದರು: ಬದಲಾವಣೆಗೆ ವಿರೋಧ, ಮತ್ತು ಅಸಮಾನತೆಯನ್ನು ಒಪ್ಪಿಕೊಳ್ಳುವುದು. ಸಭೆಯಲ್ಲಿ ಇವೆರಡೂ ಒಂದೇ ಥರ ಕೇಳಿಸುತ್ತವೆ, ಅದೇ ಕಷ್ಟ. ಹಾಗಾಗಿ ನಾನು ವಾದ ಶುರು ಮಾಡುವ ಮೊದಲು "ಇದನ್ನು ಹೇಗೆ ತಂದರೆ ನೀವು ಒಪ್ಪುತ್ತೀರಿ?" ಎಂದು ಕೇಳುತ್ತೇನೆ. "ನಿಧಾನಕ್ಕೆ ತನ್ನಿ, ಮೊದಲು ಒಂದು ವರ್ಷ ನೋಡೋಣ" ಅಂದವರಿಗೆ ಇರುವುದು ಏನಾಗುತ್ತೋ ಎಂಬ ದಿಗಿಲು. ಹೇಗೆ ತಂದರೂ ಬೇಡ ಅನ್ನುವವರಿಗೆ ಸಾಮಾನ್ಯವಾಗಿ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಇರಬೇಕು. ಅವರನ್ನು ಒಲಿಸಲು ನಾನು ಜಾಸ್ತಿ ಹೊತ್ತು ಕಳೆಯುವುದಿಲ್ಲ, ಅವರ ಮತ ಅವರು ಹಾಕಲಿ.

ಮೊದಲನೆಯವರ ಜೊತೆ ಮಾತು ಬೇರೆ. ಬದಲಾಗುವುದನ್ನು ಹೇಳುವ ಮೊದಲು ಏನೇನು ಹಾಗೇ ಉಳಿಯುತ್ತದೆ ಎಂದು ಹೇಳುತ್ತೇನೆ, ಬಿಡಿಸಿ ಬಿಡಿಸಿ, ಕೇಳಿದವರಿಗೆ ಬೇಜಾರಾಗುವಷ್ಟು. ಏಕೆಂದರೆ ಮನಶ್ಶಾಸ್ತ್ರಜ್ಞರಾದ ಕಾನಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ತೋರಿಸಿದಂತೆ ಅಷ್ಟೇ ಗಾತ್ರದ ಲಾಭಕ್ಕಿಂತ ನಷ್ಟ ಜಾಸ್ತಿ ನೋಯಿಸುತ್ತದೆ, ಮತ್ತು ಸುಧಾರಕರು ಯಾವಾಗಲೂ ಲಾಭದ ಪಟ್ಟಿಯನ್ನೇ ಓದುತ್ತಾರೆ. ಆಮೇಲೆ ನಾನು ಸುಮ್ನೆ ಕೂತು ಕೇಳುತ್ತೇನೆ. "ನಿಮ್ಮನ್ನು ಯಾರಾದರೂ ಹೊರಗಿಟ್ಟಿದ್ದರಾ?" ಎಂದು ಕೇಳಿದರೆ ಅಂಕಿ ಅಂಶಕ್ಕೆ ಜಗ್ಗದವರೂ ಮಾತಾಡುತ್ತಾರೆ. ರಾಜಕೀಯ ವಿಜ್ಞಾನಿಗಳಾದ ಬ್ರೂಕ್‌ಮನ್ ಮತ್ತು ಕಲ್ಲಾ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಮನೆ ಬಾಗಿಲಲ್ಲಿ ಸುಮಾರು 10 ನಿಮಿಷ ಮಾತಾಡಿದ್ದರಿಂದ ಲಿಂಗಪರಿವರ್ತಿತರ ಬಗೆಗಿನ ಪೂರ್ವಗ್ರಹ ಕಡಿಮೆಯಾಗಿ, ಆ ಪರಿಣಾಮ ಕನಿಷ್ಠ 3 ತಿಂಗಳು ಉಳಿದಿತ್ತು.

ಅಂದ ಹಾಗೆ, ಇದು ಬರೀ ಒಂದು ಪಕ್ಷದವರ ರೋಗ ಅಂದುಕೊಳ್ಳಬೇಡಿ. ಪ್ರಗತಿಪರರು ತಾವೇ ಬರೆದ ನಿಯಮಕ್ಕೆ ಯಾರಾದರೂ ತಿದ್ದುಪಡಿ ತಂದರೆ ಹೇಗೆ ಸಿಡುಕುತ್ತಾರೆ, ನೋಡಿದ್ದೀರಲ್ವಾ?

"ಒಂದು ವರ್ಷ ನೋಡೋಣ" ಅನ್ನುವ ಸಲಹೆಯನ್ನು ನಾನು ತಕ್ಷಣ ಒಪ್ಪಿಕೊಳ್ಳುತ್ತೇನೆ. ಸುಧಾರಕರಿಗೆ ಇದು ಸೋಲಿನ ಹಾಗೆ ಕಾಣುತ್ತದೆ. ಆದರೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧದ ಬಗ್ಗೆ ಜನರ ಅಭಿಪ್ರಾಯ ಅದು ಜಾರಿಗೆ ಬಂದ ಬೆನ್ನಿಗೇ ಅದರ ಪರವಾಗಿ ವಾಲಿದ್ದನ್ನು ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ಲಾರಿನ್ 2018ರಲ್ಲಿ ವರದಿ ಮಾಡಿದ್ದಾರೆ. ನಾನು ನಡೆಸಿದ ಸಭೆಗಳಲ್ಲೂ ಅಷ್ಟೇ: ವರ್ಷ ಕಳೆದ ಮೇಲೆ ಹಳೇ ನಿಯಮ ವಾಪಸ್ ತರೋಣ ಎಂದು ಯಾರಾದರೂ ಎದ್ದರೆ, ಕೈಕಟ್ಟಿ ಕೂತಿದ್ದವರೇ "ಈಗ ಸರಿಯಾಗಿ ನಡೀತಿದೆಯಲ್ಲ, ಯಾಕೆ ಬದಲಿಸ್ತೀರಿ?" ಅನ್ನುತ್ತಾರೆ.