ಕೊಟ್ಟ ಅಳತೆ ಸಾಕಾ, ಸಾಲದಾ? ರೇಖಾಗಣಿತದ ಚಿತ್ರವನ್ನು ಅಲ್ಲಾಡಿಸಿ ನೋಡಿ

ಬದಿಯಡ್ಕದ ಹತ್ತಿರ ಒಂದು ಅಡಿಕೆ ತೋಟ ಮಾರಾಟಕ್ಕಿದೆ ಅಂತ ಇಟ್ಟುಕೊಳ್ಳಿ. ನಾಲ್ಕು ಬದಿ, ಪ್ರತಿಯೊಂದೂ 40 ಮೀಟರ್. ಎಷ್ಟು ಸೆಂಟ್ಸ್ ಜಾಗ?

ಹೆಚ್ಚಿನವರು 40ನ್ನು 40ರಿಂದ ಗುಣಿಸುತ್ತಾರೆ. 1600 ಚದರ ಮೀಟರ್, ಅಂದರೆ ಸುಮಾರು 39.5 ಸೆಂಟ್ಸ್. ಆದರೆ ಮೂಲೆಗಳಿಗೆ ಮೂಲೆಮಟ್ಟ ಹಿಡಿದು ನೋಡಿದವರು ಯಾರು? ಎದುರುಬದುರು ಇರುವ ಎರಡು ಮೂಲೆಗಳ ನಡುವೆ ಟೇಪು ಎಳೆದಾಗ ಅಲ್ಲೂ 40 ಮೀಟರೇ ಬಂದರೆ, ಆ ಜಾಗ ಎರಡು ಸಮಭುಜ ತ್ರಿಕೋನಗಳ ಜೋಡಿ. ವಿಸ್ತೀರ್ಣ ಸುಮಾರು 1386 ಚದರ ಮೀಟರ್, 34 ಸೆಂಟ್ಸ್ ಚಿಲ್ಲರೆ. ಐದು ಸೆಂಟ್ಸ್ ಮಾಯ! ಲೆಕ್ಕದಲ್ಲಿ ತಪ್ಪಿಲ್ಲ, ಗುಣಾಕಾರವೂ ಸರಿ. ಪ್ರಶ್ನೆಯಲ್ಲೇ ಅಳತೆ ಸಾಲದು.

ನಮ್ಮ ಕಾಸರಗೋಡಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ 15 ನಿಮಿಷ ಕೂಲ್ ಆಫ್ ಟೈಮ್ ಸಿಗುತ್ತದೆ. ಪ್ರಶ್ನೆ ಓದುವುದಕ್ಕೇ ಇರುವ ಸಮಯ. ರೇಖಾಗಣಿತದ ಪ್ರಶ್ನೆ ಬಂದಾಗ ಆ ಹೊತ್ತಲ್ಲಿ ಹೀಗೆ ನೋಡಬಹುದು.

ಮೊದಲು, ಚಿತ್ರ ಮುಚ್ಚಿ

ಪ್ರಶ್ನೆಯ ಮಾತಿನಲ್ಲಿ ಇರುವುದನ್ನು ಮಾತ್ರ ಬರೆದುಕೊಳ್ಳಿ. ಚಿತ್ರದಲ್ಲಿ ಗೆರೆ ನೆಟ್ಟಗೆ ನಿಂತ ಹಾಗೆ ಕಂಡರೆ 90 ಡಿಗ್ರಿ ಆಗಿಬಿಡುವುದಿಲ್ಲ. ಎರಡು ಬದಿ ಸಮ ಇರುವ ಹಾಗೆ ಕಂಡರೂ ಅಷ್ಟೇ. ಅಳತೆ ಅಥವಾ ಗುರುತು ಹಾಕಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ.

ಆಮೇಲೆ, ಹೇಳದೆಯೇ ಕೊಟ್ಟಿರುವುದನ್ನು ಸೇರಿಸಿ. ವೃತ್ತ ಎಂದ ತಕ್ಷಣ ಎಲ್ಲ ತ್ರಿಜ್ಯಗಳೂ ಸಮ. ಅರ್ಧವೃತ್ತದೊಳಗಿನ ಕೋನ 90. ಸ್ಪರ್ಶಕ ಅಂದರೆ ತ್ರಿಜ್ಯಕ್ಕೆ ಲಂಬ. ಅಳತೆ ಸಾಲದು ಅಂತ ಮಕ್ಕಳು ಕೈಬಿಡುವ ಎಷ್ಟೋ ಪ್ರಶ್ನೆಗಳಲ್ಲಿ ಬೇಕಾದ್ದು ಇಲ್ಲೇ ಇರುತ್ತದೆ.

ಈಗ ಅಲ್ಲಾಡಿಸಿ

ನಾಲ್ಕು ಅಡಿಕೆ ಸಲಾಕೆ ತಗೊಂಡು ಮೂಲೆಗೊಂದು ಮೊಳೆ ಹೊಡೆಯಿರಿ. ಒಂದು ಮೂಲೆ ಹಿಡಿದು ತಳ್ಳಿದರೆ ಇಡೀ ಚೌಕಟ್ಟು ವಾಲುತ್ತದೆ. ಬದಿಗಳ ಉದ್ದ ಒಂದಿಷ್ಟೂ ಬದಲಾಗಿಲ್ಲ, ಒಳಗಿನ ಜಾಗ ಮಾತ್ರ ಬದಲಾಯಿತು. ಮೂಲೆಯಿಂದ ಮೂಲೆಗೆ ಇನ್ನೊಂದು ಸಲಾಕೆ ಹೊಡೆಯಿರಿ, ಮತ್ತೆ ಅಲುಗದು. ಮೂರೇ ಸಲಾಕೆಯ ತ್ರಿಕೋನಕ್ಕೆ ಈ ಅಡ್ಡಪಟ್ಟಿಯೂ ಬೇಡ. ಸರ್ವೆಯಲ್ಲಿ ಜಾಗವನ್ನು ತ್ರಿಕೋನಗಳಾಗಿ ಒಡೆದು ಅಳೆಯುವುದು ಇದಕ್ಕೇ.

ಎಣಿಸುವ ದಾರಿಯೂ ಇದೆ. ಮೂಲೆಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮೂರು ಕಳೆಯಿರಿ. ಸಾಮಾನ್ಯವಾಗಿ ಅಷ್ಟು ಅಳತೆ ಬೇಕು: ತ್ರಿಕೋನಕ್ಕೆ 3, ಚತುರ್ಭುಜಕ್ಕೆ 5, ಪಂಚಭುಜಕ್ಕೆ 7. ಆದರೆ ಎಣಿಕೆ ಸರಿಯಾದರೆ ಕೆಲಸ ಮುಗಿಯಿತು ಅನ್ನಬೇಡಿ. ತ್ರಿಕೋನದ ಮೂರು ಕೋನ ಕೊಟ್ಟರೂ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಎರಡು ಕೋನ ಹೇಳಿದರೆ ಮೂರನೆಯದು ತಾನಾಗಿಯೇ ಬರುತ್ತದೆ, ಹಾಗಾಗಿ ನಿಜವಾಗಿ ಕೊಟ್ಟದ್ದು ಎರಡೇ.

ನಾಲ್ಕು ಬದಿಯ ಈ ವಿಷಯ ಭಾಸ್ಕರಾಚಾರ್ಯರನ್ನೂ ರೇಗಿಸಿತ್ತು. 1150ರ ‘ಲೀಲಾವತಿ’ಯಲ್ಲಿ ಅವರ ಮಾತು ಖಾರವಾಗಿದೆ. ಲಂಬವನ್ನೂ ಹೇಳದೆ ಕರ್ಣವನ್ನೂ (ಎದುರು ಮೂಲೆಗಳನ್ನು ಸೇರಿಸುವ ಗೆರೆ) ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳಲು ಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಅನ್ನುತ್ತಾರೆ. ಎದುರು ಬದಿಗಳ ಸರಾಸರಿ ತೆಗೆದು ಗುಣಿಸುವ ಅಂದಾಜು ಲೆಕ್ಕಕ್ಕೂ ಈ ಬೈಗುಳ ಸಲ್ಲುತ್ತದೆ. ಆ ಲೆಕ್ಕ ಆಯತಕ್ಕೆ ಮಾತ್ರ ಸರಿ, ಉಳಿದ ಎಲ್ಲ ಆಕಾರಕ್ಕೂ ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಜಾಗ ಮಾರುವವರಿಗೆ ಖುಷಿ, ಅಲ್ವಾ?

ಅಲ್ಲಾಡಿದ್ದು ಚಿತ್ರವೋ ಉತ್ತರವೋ?

ಚಿತ್ರ ಅಲುಗಿದ ಕೂಡಲೇ ಅಳತೆ ಸಾಲದು ಅಂದುಬಿಟ್ಟರೆ ತಪ್ಪು. ಕೇಳಿದ ಉತ್ತರ ಅಲುಗಿತಾ ಅಂತ ನೋಡಬೇಕು.

ದುಂಡಗಿನ ಬಾವಿಕಟ್ಟೆಯ ಮೇಲ್ಭಾಗಕ್ಕೆ ಟೈಲ್ಸ್ ಹಾಕಬೇಕು. ಬಾವಿಯ ಅಗಲ ಗೊತ್ತಿಲ್ಲ, ಕಟ್ಟೆಯ ದಪ್ಪವೂ ಗೊತ್ತಿಲ್ಲ. ಕಟ್ಟೆಯ ಹೊರ ಅಂಚಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಒಳ ಅಂಚಿಗೆ ತಾಗುವಂತೆ ದಾರ ಎಳೆದರೆ 2 ಮೀಟರ್ ಬಂತು. ಇಷ್ಟೇ ಅಳತೆ. ಸಾಕಾ?

ಸಾಕು! ಒಳ ತ್ರಿಜ್ಯ 0.75, ಹೊರ ತ್ರಿಜ್ಯ 1.25 ಮೀಟರ್ ಇರಬಹುದು. 2.4 ಮತ್ತು 2.6 ಕೂಡ ಇರಬಹುದು. ಬಾವಿಗಳು ಬೇರೆ ಬೇರೆ. ಆದರೆ ಪೈಥಾಗರಸ್ ಪ್ರಕಾರ, ಎರಡೂ ಕಡೆ ತ್ರಿಜ್ಯಗಳ ವರ್ಗಗಳ ವ್ಯತ್ಯಾಸ ದಾರದ ಅರ್ಧದ ವರ್ಗ, ಅಂದರೆ 1. ಹಾಗಾಗಿ ಮೇಲ್ಭಾಗದ ವಿಸ್ತೀರ್ಣ ಯಾವಾಗಲೂ ಪೈ, ಸುಮಾರು 3.14 ಚದರ ಮೀಟರ್. ಚಿತ್ರ ನೂರು ತರ ಬದಲಾಗಲಿ, ಟೈಲ್ಸ್ ಅಷ್ಟೇ. ಇಲ್ಲಿ ದಪ್ಪ ಎಷ್ಟು ಅಂತ ಕೇಳಿದ್ದರೆ ಮಾತ್ರ ಅಳತೆ ಸಾಲುತ್ತಿರಲಿಲ್ಲ.

ಎರಡು ಬದಿ, ಒಂದು ಕೋನ: ಇಲ್ಲಿ ಜಾಗ್ರತೆ

ಎಬಿ 10 ಸೆಂಟಿಮೀಟರ್, ಎಸಿ 8, ಅವುಗಳ ನಡುವಿನ ಕೋನ ಎ 30 ಡಿಗ್ರಿ. ತ್ರಿಕೋನ ಒಂದೇ, ವಿಸ್ತೀರ್ಣ 20. ಬದಿಗಳನ್ನು ಹಾಗೇ ಬಿಟ್ಟು, 30 ಡಿಗ್ರಿ ಇರುವುದು ಕೋನ ಬಿ ಅನ್ನಿ. ಈಗ ಸುಮ್ನೆ ಕಂಪಾಸು ಹಿಡಿಯಿರಿ. ಎ ಕೇಂದ್ರವಾಗಿ 8 ಸೆಂಟಿಮೀಟರಿನ ಕಮಾನು ಎಳೆದರೆ, ಬಿಯಿಂದ ಹೊರಟ ಗೆರೆಯನ್ನು ಅದು ಎರಡು ಕಡೆ ಕತ್ತರಿಸುತ್ತದೆ. ಎರಡು ತ್ರಿಕೋನ: ಒಂದರ ವಿಸ್ತೀರ್ಣ ಸುಮಾರು 37, ಇನ್ನೊಂದರದ್ದು ಬರೀ 6! ಎಸಿ 5 ಆಗಿದ್ದರೆ ಒಂದೇ ತ್ರಿಕೋನ, 4 ಆಗಿದ್ದರೆ ಕಮಾನು ಗೆರೆಗೆ ತಾಗುವುದೇ ಇಲ್ಲ. ಎಸಿ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಒಂದೇ.

ಅಳತೆಗಳೇ ಒಂದಕ್ಕೊಂದು ಹೊಂದದಿರುವುದೂ ಉಂಟು. ಲಂಬಕೋನ ತ್ರಿಕೋನದ ವಿಕರ್ಣ (ಲಂಬಕೋನದ ಎದುರಿನ ಬದಿ) 10, ಅದಕ್ಕೆ ಎದುರು ಮೂಲೆಯಿಂದ ಎಳೆದ ಲಂಬ 6 ಅಂದರೆ ವಿಸ್ತೀರ್ಣ 30 ಅಂತ ಬರೆಯಬೇಡಿ. ಆ ಮೂಲೆ 5 ತ್ರಿಜ್ಯದ ಅರ್ಧವೃತ್ತದ ಮೇಲಿರಬೇಕು, ಲಂಬ 5ಕ್ಕಿಂತ ಜಾಸ್ತಿ ಆಗದು. ಅಂಥ ತ್ರಿಕೋನವೇ ಇಲ್ಲ.

ಉತ್ತರದಲ್ಲಿ ಏನು ಬರೆಯಬೇಕು?

‘ಅಳತೆ ಸಾಲದು’ ಅಂತ ಒಂದು ಸಾಲು ಗೀಚಿ ಬಿಡಬೇಡಿ. ಕೊಟ್ಟದ್ದೆಲ್ಲ ಹೊಂದುವ, ಆದರೆ ಉತ್ತರ ಬೇರೆ ಬರುವ ಎರಡು ಚಿತ್ರ ಬಿಡಿಸಿ. ಪಕ್ಕದಲ್ಲಿ ಎರಡೂ ಉತ್ತರ ಬರೆಯಿರಿ. ಇನ್ನು ಯಾವ ಅಳತೆ ಕೊಟ್ಟಿದ್ದರೆ ಒಂದೇ ಚಿತ್ರ ಉಳಿಯುತ್ತಿತ್ತು ಅಂತ ಕೆಳಗೆ ಸೇರಿಸಿ: ಕರ್ಣವೋ, ಒಂದು ಕೋನವೋ, ಅಥವಾ ಮೇಲಿನ ಕಂಪಾಸಿನ ಲೆಕ್ಕದಲ್ಲಿ ಕೋನ ಸಿ 90 ಡಿಗ್ರಿಗಿಂತ ಚಿಕ್ಕದು ಅನ್ನುವ ಒಂದು ಮಾತೋ.